ನಗದೆ ನಗಿಸಿದ ಬ್ಯಾಟ್‌ಮನ್

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ. ಏಳು ವರ್ಷದ ಮಗನಿಗೆ ಬ್ಯಾಟ್‌ಮನ್ ಅಂದರೆ ಪ್ರಾಣ. ಈಗಿನ ಸಿನಿಮಾಗಳು ಅವನ ವಯಸ್ಸಿಗೆ ತೀರಾ ಭಯಂಕರ ಅನ್ನಿಸಿ 1966ರ ಹಳೆಯ ಟಿವಿ ಧಾರಾವಾಹಿಯ ಡಿಸ್ಕ್‌ಗಳನ್ನು ತಂದೆವು. ಅವನು ಉಸಿರು ಬಿಗಿಹಿಡಿದು ನೋಡುತ್ತಾನೆ. ನಾನೂ ನನ್ನ ಯಜಮಾನರೂ ಹಿಂದೆ ಕೂತು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತೇವೆ. ‘ಯಾಕಮ್ಮಾ ನಗ್ತೀಯಾ?’ ಅಂತ ಅವನು ತಿರುಗಿ ಕೇಳಿದಾಗ ಏನು ಹೇಳಬೇಕೋ ತಿಳಿಯಲಿಲ್ಲ. ಆ ನಟರು ಗೊತ್ತಿದ್ದೇ ಹಾಗೆ ಅಭಿನಯಿಸಿದರಾ, ಅಥವಾ ಆಗಿನ ಕಾಲದ ನಟನೆಯೇ ಹಾಗಿತ್ತಾ? ಇಷ್ಟು ವರ್ಷವಾದರೂ ಇಲ್ಲಿನ ಜನ ಅವರನ್ನು ಅಷ್ಟು ಪ್ರೀತಿಯಿಂದ ನೆನೆಯುವುದು ಯಾಕೆ? ಆಮೇಲೆ ಅವರೆಲ್ಲ ಏನಾದರು? ಮಗನಿಗೆ ಯಾವ ಕಂತುಗಳನ್ನು ಮೊದಲು ತೋರಿಸಲಿ?

ಉತ್ತರ: ನಿಮ್ಮ ಮಗ ಉಸಿರು ಬಿಗಿಹಿಡಿದು ನೋಡುವುದೂ ಸರಿ, ನೀವಿಬ್ಬರು ಹಿಂದೆ ಕೂತು ನಗುವುದೂ ಸರಿ. ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿಗೆ ಈ ಎರಡೂ ನಡೆಯಲಿ ಎಂದೇ ಆ ಧಾರಾವಾಹಿಯನ್ನು ಕಟ್ಟಿದ್ದು. ಆ ನಟರಿಗೆ ತಾವೇನು ಮಾಡುತ್ತಿದ್ದೇವೆ ಎಂಬುದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವರಂತೆ, ಮುಖದ ಒಂದು ಗೆರೆಯೂ ಸಡಿಲವಾಗದಂತೆ ಅಭಿನಯಿಸಿದರು. ನನ್ನ ಮಟ್ಟಿಗೆ ಆಡಮ್ ವೆಸ್ಟ್ ಅವರ ಬ್ಯಾಟ್‌ಮನ್ ಅಮೆರಿಕದ ಟಿವಿ ಕಂಡ ಅತ್ಯುತ್ತಮ ಹಾಸ್ಯಾಭಿನಯಗಳಲ್ಲಿ ಒಂದು. ಅದಕ್ಕೆ ಸಲ್ಲಬೇಕಾದ ಗೌರವ ಬಹಳ ತಡವಾಗಿ ಸಿಕ್ಕಿತು ಎಂಬ ಬೇಸರ ನನಗೆ ಈಗಲೂ ಇದೆ.

ಮೊದಲು ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಎಬಿಸಿ ಚಾನೆಲ್ಲಿಗೆ ಈ ಧಾರಾವಾಹಿಯನ್ನು ತಯಾರಿಸಿದವರು ವಿಲಿಯಂ ಡೋಜಿಯರ್. ಅವರಿಗೆ ಕಾಮಿಕ್ಸ್ ಓದುವ ಅಭ್ಯಾಸವೇ ಇರಲಿಲ್ಲ. ಕೆಲಸ ಒಪ್ಪಿಸಿದ ಮೇಲೆ ಕೆಲವು ಸಂಚಿಕೆಗಳನ್ನು ತಂದು ಓದಿದರು. ಇದನ್ನು ಹೇಗೆ ತೆಗೆದರೂ ದೊಡ್ಡವರು ನಂಬುವುದಿಲ್ಲ ಎನ್ನುವುದು ಅವರಿಗೆ ಕೂಡಲೇ ಅರ್ಥವಾಯಿತು. ಆಗ ಹೊಳೆದ ದಾರಿ ಇದು: ಅತಿಯನ್ನು ಮರೆಮಾಚುವುದು ಬೇಡ, ಇನ್ನಷ್ಟು ಅತಿ ಮಾಡೋಣ, ಆದರೆ ಪಾತ್ರಗಳು ಮಾತ್ರ ಎಲ್ಲವನ್ನೂ ಜೀವನ್ಮರಣದ ಪ್ರಶ್ನೆಯೆಂಬಂತೆ ಗಂಭೀರವಾಗಿ ಆಡಲಿ. ಮಕ್ಕಳಿಗೆ ಅದು ಸಾಹಸ, ದೊಡ್ಡವರಿಗೆ ಹಾಸ್ಯ. ಆಗ ಸ್ಪೇನ್‌ನಲ್ಲಿದ್ದ ಲೊರೆಂಜೊ ಸೆಂಪಲ್ ಎಂಬ ಬರಹಗಾರರು ಈ ಹದವನ್ನು ಹಿಡಿದು ಮೊದಲ ಕಥೆ ಬರೆದರು. ಅಮೆರಿಕದಲ್ಲಿ ಈ ಶೈಲಿಗೆ ಕ್ಯಾಂಪ್ ಅನ್ನುತ್ತಾರೆ. ಅದರಲ್ಲಿ ಅಣಕ ಇರಬಹುದು, ಆದರೆ ಅಣಕಿಸುವ ವಸ್ತುವಿನ ಮೇಲೆ ಪ್ರೀತಿ ಇರಲೇಬೇಕು. ಆ ಪ್ರೀತಿ ಇಲ್ಲದೆ ಇದೇ ದಾರಿ ಹಿಡಿದ ಅನುಕರಣೆಗಳನ್ನು ಈಗ ಹತ್ತು ನಿಮಿಷ ನೋಡಲೂ ಆಗುವುದಿಲ್ಲ.

1966ರ ಜನವರಿ 12ರ ಬುಧವಾರ ರಾತ್ರಿ ಮೊದಲ ಕಂತು ಬಂತು. ವಾರಕ್ಕೆ ಎರಡು ಕಂತು, ತಲಾ ಅರ್ಧ ಗಂಟೆ. ಬುಧವಾರದ ಕಂತು ಬ್ಯಾಟ್‌ಮನ್ ಮತ್ತು ಅವನ ಜೊತೆಗಾರ ಹುಡುಗ ರಾಬಿನ್‌ರನ್ನು ಗರಗಸದ ಕೆಳಗೋ ಹುಲಿಯ ಮುಂದೋ ನಿಲ್ಲಿಸಿ ಮುಗಿಯುತ್ತಿತ್ತು. ನಾಳೆ ಇದೇ ಹೊತ್ತಿಗೆ ಇದೇ ಚಾನೆಲ್ಲಿನಲ್ಲಿ ನೋಡಿ ಎಂದು ಒಂದು ದನಿ ಆತಂಕದಿಂದ ಕೂಗುತ್ತಿತ್ತು. ಆ ದನಿ ಬೇರೆ ಯಾರದ್ದೂ ಅಲ್ಲ, ನಿರ್ಮಾಪಕ ಡೋಜಿಯರ್ ಅವರದ್ದೇ. ಮೊದಲ ವರ್ಷ ಅಮೆರಿಕದ ಅತಿ ಹೆಚ್ಚು ಜನ ನೋಡಿದ ಹತ್ತು ಕಾರ್ಯಕ್ರಮಗಳ ಪಟ್ಟಿಯಲ್ಲಿ ಗುರುವಾರದ ಬ್ಯಾಟ್‌ಮನ್ 5ನೆಯ ಸ್ಥಾನದಲ್ಲೂ ಬುಧವಾರದ ಬ್ಯಾಟ್‌ಮನ್ 10ನೆಯ ಸ್ಥಾನದಲ್ಲೂ ಇದ್ದವು. ಒಂದೇ ಧಾರಾವಾಹಿ ಎರಡು ಜಾಗ ಹಿಡಿದಿತ್ತು! ಒಟ್ಟು 120 ಕಂತುಗಳಾಗಿ 1968ರ ಮಾರ್ಚ್ 14ಕ್ಕೆ ಮುಗಿಯಿತು. ಎರಡು ವರ್ಷಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ ಅದರ ಆಯುಸ್ಸು.

ಇನ್ನು ಆಡಮ್ ವೆಸ್ಟ್. ವಾಷಿಂಗ್ಟನ್ ರಾಜ್ಯದ ವಾಲಾ ವಾಲಾ ಎಂಬ ಊರಿನಲ್ಲಿ 1928ರಲ್ಲಿ ಹುಟ್ಟಿದವರು, ಹುಟ್ಟುಹೆಸರು ವಿಲಿಯಂ ವೆಸ್ಟ್ ಆಂಡರ್ಸನ್. ಚಾಕೊಲೇಟ್ ಹಾಲಿನ ಪುಡಿಯ ಒಂದು ಜಾಹೀರಾತಿನಲ್ಲಿ ಜೇಮ್ಸ್ ಬಾಂಡ್ ಮಾದರಿಯ ಗೂಢಚಾರನಾಗಿ ಕಾಣಿಸಿಕೊಂಡಿದ್ದರು. ಅದನ್ನು ನೋಡಿಯೇ ಡೋಜಿಯರ್ ವೆಸ್ಟ್ ಅವರಿಗೆ ಬುಲಾವು ಕಳಿಸಿದ್ದು. ಅದೇ ಪಾತ್ರಕ್ಕೆ ಲೈಲ್ ವ್ಯಾಗನರ್ ಎಂಬ ಇನ್ನೊಬ್ಬ ನಟರನ್ನೂ ಪರೀಕ್ಷಿಸಿದ್ದರು. ಇಬ್ಬರ ಸ್ಕ್ರೀನ್ ಟೆಸ್ಟ್‌ಗಳೂ ಉಳಿದಿವೆ, ಹುಡುಕಿದರೆ ಸಿಗುತ್ತವೆ. ನಟನೆ ಕಲಿಯುವವರಿಗೆ ನಾನು ಇವೆರಡನ್ನೂ ಒಂದರ ಹಿಂದೆ ಒಂದು ನೋಡಲು ಹೇಳುತ್ತೇನೆ. ವ್ಯಾಗನರ್ ಎತ್ತರದ, ಸುಂದರ, ಒಳ್ಳೆಯ ಕಂಠದ ವ್ಯಕ್ತಿ. ಸಂಭಾಷಣೆಯನ್ನು ನೇರವಾಗಿ, ಸಲೀಸಾಗಿ ಹೇಳುತ್ತಾರೆ. ಕೇಳಿದ ಮೇಲೆ ಅದು ಬರೀ ಹುಚ್ಚು ಮಾತು ಅನ್ನಿಸುತ್ತದೆ. ಅದೇ ಸಾಲುಗಳನ್ನು ವೆಸ್ಟ್ ಹೇಳುವಾಗ ಆ ಮಾತಿನ ಹಿಂದೆ ಯೋಚಿಸುವ ಒಬ್ಬ ಮನುಷ್ಯ ಕಾಣುತ್ತಾನೆ. ವಾಕ್ಯದ ನಡುವೆ ನಿಲ್ಲಬಾರದ ಕಡೆ ನಿಲ್ಲುತ್ತಾರೆ, ದನಿ ತಗ್ಗಿಸುತ್ತಾರೆ, ಆಮೇಲೆ ಉಳಿದ ಅರ್ಧವನ್ನು ಒಂದೇ ಉಸಿರಿಗೆ ಮುಗಿಸುತ್ತಾರೆ. ನಿಮ್ಮ ಮಗ ಆ ವಿರಾಮದಲ್ಲಿ ‘ಬ್ಯಾಟ್‌ಮನ್ ಏನೋ ಕಂಡುಹಿಡಿದ’ ಎಂದು ಕಾಯುತ್ತಾನೆ. ಏನು ಕಂಡುಹಿಡಿಯಲಿದ್ದಾನೆ ಎಂದು ಗೊತ್ತಿರುವ ನಿಮಗೆ ಅದೇ ವಿರಾಮದಲ್ಲಿ ನಗು ಉಕ್ಕುತ್ತದೆ. ಒಂದು ಮೌನದಿಂದ ಎರಡು ಕೆಲಸ ತೆಗೆಯುವುದು ಸಣ್ಣ ವಿದ್ಯೆಯಲ್ಲ. ಅದರಲ್ಲೂ ಮುಖದ ಅರ್ಧ ಭಾಗ ಮುಸುಕಿನ ಒಳಗಿದೆ, ಹುಬ್ಬನ್ನು ಮುಸುಕಿನ ಮೇಲೆ ಬಣ್ಣದಲ್ಲಿ ಬರೆದಿದ್ದಾರೆ. ಅವರಿಗೆ ಉಳಿದದ್ದು ಬಾಯಿ, ಗದ್ದ ಮತ್ತು ಕಂಠ.

ಮೊದಲ ಕಂತಿನ ಒಂದು ದೃಶ್ಯ ನೋಡಿ. ಒಗಟು ಹಾಕಿ ಕಾಡುವ ಖಳ ರಿಡ್ಲರ್‌ನ ಸುಳಿವು ಹಿಡಿದು ಬ್ಯಾಟ್‌ಮನ್ ಒಂದು ಡಿಸ್ಕೊಥೆಕ್ಕಿಗೆ ಹೋಗಬೇಕಾಗುತ್ತದೆ. ರಾಬಿನ್‌ಗೆ ಇನ್ನೂ ವಯಸ್ಸಾಗಿಲ್ಲ, ಅವನನ್ನು ಒಳಗೆ ಬಿಡುವುದು ಕಾನೂನಿಗೆ ವಿರುದ್ಧ, ಆದ್ದರಿಂದ ಅವನು ಹೊರಗೆ ಕಾರಿನಲ್ಲೇ ಕೂರಬೇಕು. ಒಳಗೆ ಹೋದ ಬ್ಯಾಟ್‌ಮನ್‌ಗೆ ಮುಂದಿನ ಸಾಲಿನ ಮೇಜು ಬೇಕೇ ಎಂದು ಕೇಳುತ್ತಾರೆ. ಬೇಡ, ಜನರ ಗಮನ ಸೆಳೆಯುವ ಇಚ್ಛೆ ತನಗಿಲ್ಲ ಎನ್ನುತ್ತಾನೆ. ಮೈತುಂಬ ಬೂದು ಬಣ್ಣದ ಬಿಗಿ ಉಡುಪು, ನೀಲಿ ಮೇಲುಹೊದಿಕೆ, ತಲೆಯ ಮೇಲೆ ಎರಡು ಕಿವಿ! ಆಮೇಲೆ ಬಾರ್‌ನಲ್ಲಿ ನಿಂತು ತಾಜಾ ಕಿತ್ತಳೆ ರಸ ಕೇಳುತ್ತಾನೆ. ಈ ಯಾವುದನ್ನೂ ವೆಸ್ಟ್ ಜೋಕಿನಂತೆ ಹೇಳುವುದಿಲ್ಲ. ಬ್ಯಾಟ್‌ಮನ್ ನಿಜಕ್ಕೂ ಸಂಕೋಚದ, ಕಾನೂನು ಪಾಲಿಸುವ ಮನುಷ್ಯ ಎಂದೇ ನಂಬಿ ಹೇಳುತ್ತಾರೆ. ಕಿತ್ತಳೆ ರಸದಲ್ಲಿ ಮತ್ತಿನ ಮದ್ದು ಬೆರೆತಿರುತ್ತದೆ. ಅದು ತಲೆಗೇರಿ ಅವನು ಕಣ್ಣ ಮುಂದೆ ಎರಡು ಬೆರಳಾಡಿಸುತ್ತ ಕುಣಿಯುತ್ತಾನಲ್ಲ, ಆ ಕುಣಿತಕ್ಕೆ ಬಟೂಸಿ ಎಂದೇ ಹೆಸರಾಯಿತು. ಆಗಲೂ ಮುಖದಲ್ಲಿ ಅದೇ ಘನತೆ.

1966ರ ಬೇಸಿಗೆಯಲ್ಲಿ ಇದೇ ತಂಡ ಒಂದು ಪೂರ್ತಿ ಸಿನಿಮಾವನ್ನೂ ಮಾಡಿತು. ಅದರಲ್ಲೊಂದು ಕಡೆ ಬ್ಯಾಟ್‌ಮನ್ ಕೈಯಲ್ಲಿ ಬತ್ತಿ ಉರಿಯುತ್ತಿರುವ ದೊಡ್ಡ ಕಪ್ಪು ಬಾಂಬು. ಬಂದರಿನ ಕಟ್ಟೆಯ ಮೇಲೆ ಅದನ್ನು ಹೊತ್ತು ಓಡುತ್ತಾನೆ. ಎಸೆಯೋಣ ಎಂದರೆ ಈ ಕಡೆ ಸನ್ಯಾಸಿನಿಯರು ಬರುತ್ತಾರೆ. ಆ ಕಡೆ ತಿರುಗಿದರೆ ಮಗುವಿನ ಗಾಡಿ ತಳ್ಳುತ್ತಿರುವ ತಾಯಿ. ಇನ್ನೊಂದು ಕಡೆ ಬ್ಯಾಂಡ್‌ಸೆಟ್ಟಿನ ಮೆರವಣಿಗೆ. ನೀರಿಗೆ ಎಸೆಯೋಣವೆಂದರೆ ದೋಣಿಯಲ್ಲಿ ಪ್ರೇಮಿಗಳು, ಅವರನ್ನು ಬಿಟ್ಟರೆ ಬಾತುಕೋಳಿಯ ಮರಿಗಳು. ಕೊನೆಗೆ ಅವನು ನಿಂತು, ಕೆಲವು ದಿನ ಬಾಂಬೊಂದನ್ನು ತೊಲಗಿಸಲೂ ಆಗುವುದಿಲ್ಲವಲ್ಲ ಎಂದು ಹತಾಶನಾಗಿ ಹೇಳುತ್ತಾನೆ. ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ, ನಿಜ. ಆದರೆ ಆ ದೃಶ್ಯದ ಹೂರಣವನ್ನೂ ನೋಡಿ. ಬಾತುಮರಿಗಳಿಗೂ ನೋವಾಗಬಾರದೆಂದು ಬಾಂಬನ್ನು ಎದೆಗವಚಿಕೊಂಡು ಓಡುವವನು ವೀರನಲ್ಲದೆ ಮತ್ತೇನು? ನಿಮ್ಮ ಮಗ ನೋಡುವುದು ಅದನ್ನೇ, ಸರಿಯಾಗಿಯೇ ನೋಡುತ್ತಾನೆ. ಮುಂದೆ ಬಂದ ಕತ್ತಲಿನ, ಕೋಪದ ಬ್ಯಾಟ್‌ಮನ್‌ಗಳಲ್ಲಿ ಈ ಕರುಣೆ ನನಗೆ ಇಷ್ಟು ನಿಚ್ಚಳವಾಗಿ ಕಂಡಿಲ್ಲ.

ಅದೇ ಸಿನಿಮಾದಲ್ಲಿ ರಿಡ್ಲರ್‌ನ ಒಗಟೊಂದಿದೆ: ಆರು ಔನ್ಸ್ ತೂಕ, ಮರದ ಮೇಲೆ ಕೂತಿರುತ್ತದೆ, ಬಹಳ ಅಪಾಯಕಾರಿ, ಏನದು? ಮಷಿನ್‌ಗನ್ ಹಿಡಿದ ಗುಬ್ಬಚ್ಚಿ ಎಂದು ರಾಬಿನ್ ಥಟ್ಟನೆ ಬಿಡಿಸುತ್ತಾನೆ. ಪೊಲೀಸ್ ಕಮಿಷನರ್ ಗಾರ್ಡನ್ ಹೌದೌದು ಎಂಬಂತೆ ತಲೆದೂಗುತ್ತಾರೆ. ಕಮಿಷನರ್ ಪಾತ್ರದ ನೀಲ್ ಹ್ಯಾಮಿಲ್ಟನ್ ಮೂಕಿ ಚಿತ್ರಗಳ ಕಾಲದಲ್ಲಿ ನಿರ್ದೇಶಕ ಡಿ. ಡಬ್ಲ್ಯು. ಗ್ರಿಫಿತ್ ಅವರ ನಾಯಕನಟರಾಗಿದ್ದವರು. ಆ ಕಾಲದ ಮುಖಾಭಿನಯವನ್ನೇ ಇಲ್ಲಿಗೂ ತಂದರು. ಬ್ಯಾಟ್‌ಮನ್‌ನನ್ನು ಕರೆಯಲು ಕೆಂಪು ಫೋನು ಎತ್ತುವಾಗಿನ ಅವರ ನಿಟ್ಟುಸಿರು, ಹುಬ್ಬುಗಂಟು, ಕಣ್ಣಿನ ಕಳವಳ, ಎಲ್ಲವೂ ನಿಜವಾದ ನಗರವೊಂದು ನಿಜವಾಗಿ ಮುಳುಗುತ್ತಿರುವಂತೆ ಇರುತ್ತವೆ. ಮನೆವಾರ್ತೆಯ ಆಲ್ಫ್ರೆಡ್ ಪಾತ್ರ ಮಾಡಿದ ಆಲನ್ ನೇಪಿಯರ್ ಇಂಗ್ಲೆಂಡಿನ ರಂಗನಟರು. ಬ್ಯಾಟ್‌ಮನ್ ಅಂದರೆ ಯಾರೆಂದೇ ಅವರಿಗೆ ತಿಳಿದಿರಲಿಲ್ಲ. ಅವನ ಬಟ್ಲರ್ ಆಗಲು ನನಗೆ ಇಷ್ಟವಿದೆಯೋ ಇಲ್ಲವೋ ಹೇಗೆ ಹೇಳಲಿ ಎಂದು ತಮ್ಮ ಏಜೆಂಟನ್ನು ಕೇಳಿದರಂತೆ. ಲಕ್ಷ ಡಾಲರಿಗೂ ಹೆಚ್ಚು ಬರಬಹುದು ಎಂದಾಗ ಸರಿ, ನಾನೇ ಅವನ ಬಟ್ಲರ್ ಎಂದು ಒಪ್ಪಿಕೊಂಡರಂತೆ. ಪರದೆಯ ಮೇಲೆ ಮಾತ್ರ ಆ ಪಾತ್ರಕ್ಕೆ ಅವರು ಕೊಟ್ಟ ಮರ್ಯಾದೆ ದೊಡ್ಡದು.

ರಾಬಿನ್ ಆಗಿದ್ದ ಬರ್ಟ್ ವಾರ್ಡ್ ಅವರಿಗೆ ಆಗ ಇಪ್ಪತ್ತು ವರ್ಷ. ವೃತ್ತಿಯಲ್ಲಿ ಅದೇ ಮೊದಲ ಪಾತ್ರ. ಸ್ಕ್ರೀನ್ ಟೆಸ್ಟ್‌ನಲ್ಲಿ ಕರಾಟೆ ಹೊಡೆತಕ್ಕೆ ಹಲಗೆ ಮುರಿದು ತೋರಿಸಿದ್ದರು. ವಾರಕ್ಕೆ 350 ಡಾಲರ್ ಸಂಬಳ. ದೇಶದ ಮಕ್ಕಳೆಲ್ಲ ಹೆಸರು ಹಿಡಿದು ಕೂಗುತ್ತಿದ್ದ ಹುಡುಗನಿಗೆ ಅದು ತೀರಾ ಕಡಿಮೆ. ಅವರ ಮುಖವನ್ನು ಮುಚ್ಚುತ್ತಿದ್ದದ್ದು ಒಂದು ಸಣ್ಣ ಕಣ್ಪಟ್ಟಿ. ಬದಲಿ ಆಳನ್ನು ನಿಲ್ಲಿಸಿದರೆ ಗೊತ್ತಾಗಿಬಿಡುತ್ತದೆ ಎಂದು ಎಷ್ಟೋ ಅಪಾಯದ ದೃಶ್ಯಗಳನ್ನು ಅವರೇ ಮಾಡಬೇಕಾಯಿತು. ಗಾಯಗಳೂ ಆದವು. ಅಂಗೈಗೆ ಮುಷ್ಟಿ ಗುದ್ದಿ ‘ಹೋಲಿ’ ಎಂದು ಶುರುಮಾಡಿ ಆ ಹೊತ್ತಿಗೆ ಹೊಂದುವ ಯಾವುದಾದರೊಂದು ಪದವನ್ನು ಅದಕ್ಕೆ ತಗುಲಿಸಿ ಕೂಗುವುದು ರಾಬಿನ್‌ನ ಗುರುತು. ವೆಸ್ಟ್ ಅವರ ನಿಧಾನಕ್ಕೆ ವಾರ್ಡ್ ಅವರ ಆತುರ ಸರಿಜೋಡಿ. ಒಬ್ಬರನ್ನು ತೆಗೆದರೆ ಇನ್ನೊಬ್ಬರ ಲಯ ಕೆಡುತ್ತದೆ.

ಖಳರ ವಿಷಯಕ್ಕೆ ಬಂದರೆ ನನಗೆ ಮಾತು ಹಿಡಿತಕ್ಕೆ ಸಿಗುವುದಿಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವ ರೀತಿ ನಿಮಗೆ ನೆನಪಿದ್ದರೆ ಈ ಖಳರ ಠೀವಿ ಅರ್ಥವಾಗುತ್ತದೆ. ದಪ್ಪ ಬಣ್ಣ, ಅಬ್ಬರ, ನಗುವಿನದೇ ಒಂದು ರಾಗ. ರಾಮ ಶಾಂತವಾಗಿ ನಿಂತಿದ್ದರೇ ರಾವಣನ ಆರ್ಭಟಕ್ಕೆ ಬೆಲೆ. ಇಲ್ಲಿಯೂ ಬ್ಯಾಟ್‌ಮನ್ ಅಲುಗದೆ ನಿಂತಿದ್ದರಿಂದಲೇ ಖಳರು ಅಷ್ಟು ಕುಣಿಯಲು ಸಾಧ್ಯವಾಯಿತು.

ಜೋಕರ್ ಪಾತ್ರದ ಸೀಸರ್ ರೊಮೆರೊ ಹಾಲಿವುಡ್ಡಿನ ಹಳೆಯ ಶೃಂಗಾರ ನಾಯಕರು. ಅವರ ಮೀಸೆ ಅವರ ಗುರುತು, ಬೋಳಿಸಲು ಒಪ್ಪಲಿಲ್ಲ. ಕೊನೆಗೆ ಮೀಸೆಯ ಮೇಲೆಯೇ ಬಿಳಿ ಬಣ್ಣ ಬಳಿದರು. ಹತ್ತಿರದ ಶಾಟ್‌ಗಳಲ್ಲಿ ನೋಡಿ, ಬಣ್ಣದ ಕೆಳಗೆ ಮೀಸೆ ಎದ್ದು ಕಾಣುತ್ತದೆ. ನಿಮ್ಮ ಮಗನಿಗೆ ತೋರಿಸಿ, ಆಮೇಲೆ ಪ್ರತಿ ಕಂತಿನಲ್ಲೂ ಅವನು ಅದನ್ನೇ ಹುಡುಕುತ್ತಾನೆ. ಪೆಂಗ್ವಿನ್ ಆಗಿದ್ದ ಬರ್ಜೆಸ್ ಮೆರೆಡಿತ್ ಅವರದು ಬೇರೆ ಕಥೆ. ರಂಗಭೂಮಿಯಲ್ಲೂ ಸಿನಿಮಾದಲ್ಲೂ ದೊಡ್ಡ ಹೆಸರು. 1950ರ ದಶಕದಲ್ಲಿ ಕಮ್ಯುನಿಸ್ಟರ ಬೇಟೆಯ ಹೆಸರಿನಲ್ಲಿ ಹಾಲಿವುಡ್ ಅವರನ್ನು ದೂರವಿಟ್ಟಿತ್ತು. ಸಿಗರೇಟು ಬಿಟ್ಟು ವರ್ಷಗಳಾಗಿದ್ದವು, ಪಾತ್ರಕ್ಕೆ ಬಾಯಲ್ಲಿ ಉದ್ದನೆಯ ಹೋಲ್ಡರ್ ಇರಲೇಬೇಕಿತ್ತು. ಹೊಗೆ ಗಂಟಲಿಗೆ ತಾಗಿ ಕೆಮ್ಮು ಬರುತ್ತಿತ್ತು. ಆ ಕೆಮ್ಮನ್ನು ಮರೆಸಲು ಮಾಡಿದ ‘ಕ್ವಾಕ್ ಕ್ವಾಕ್’ ಸದ್ದೇ ಪೆಂಗ್ವಿನ್‌ನ ನಗುವಾಯಿತು. ಸೆಟ್ಟಿನ ಅಡ್ಡಿಯೊಂದನ್ನು ಪಾತ್ರದ ಉಸಿರಾಗಿಸಿಕೊಳ್ಳುವುದು ನುರಿತ ನಟರಿಗೆ ಮಾತ್ರ ಒಲಿಯುವ ಕಸುಬು. ಹತ್ತು ವರ್ಷದ ನಂತರ ಅವರೇ ‘ರಾಕಿ’ ಸಿನಿಮಾದ ಮುದಿ ಬಾಕ್ಸಿಂಗ್ ಗುರುವಾದರು.

ಆದರೆ ಒಬ್ಬರನ್ನೇ ಆರಿಸು ಎಂದರೆ ನಾನು ರಿಡ್ಲರ್ ಆಗಿದ್ದ ಫ್ರಾಂಕ್ ಗಾರ್ಶಿನ್ ಅವರನ್ನು ಆರಿಸುತ್ತೇನೆ. ಮೂಲತಃ ಮಿಮಿಕ್ರಿ ಕಲಾವಿದರು. 1964ರ ಫೆಬ್ರವರಿ 9ರಂದು ಎಡ್ ಸಲಿವನ್ ಶೋನಲ್ಲಿ ಬೀಟಲ್ಸ್ ಮೊದಲ ಬಾರಿ ಹಾಡಿದ ರಾತ್ರಿ ಅದೇ ವೇದಿಕೆಯಲ್ಲಿ ಇವರ ಕಾರ್ಯಕ್ರಮವೂ ಇತ್ತು. ಕಾಮಿಕ್ಸ್‌ನ ಬಿಗಿ ಹಸಿರು ಉಡುಪು ಹಿಡಿಸದೆ, ಪ್ರಶ್ನೆಚಿಹ್ನೆಗಳಿರುವ ಸೂಟು ಮತ್ತು ಟೊಪ್ಪಿಯನ್ನು ಕೇಳಿ ಮಾಡಿಸಿಕೊಂಡರು. ಇವರ ನಗು ಕೀರಲಾಗಿ ಏರುತ್ತ ಹೋಗಿ, ಒಮ್ಮೆಲೇ ನಿಂತು, ಕಣ್ಣು ಕಲ್ಲಾಗುತ್ತದೆ. ಆ ಒಂದು ಕ್ಷಣ ದೊಡ್ಡವರಿಗೂ ನಿಜವಾದ ಹೆದರಿಕೆ ಆಗುತ್ತದೆ. ಈ ಪಾತ್ರಕ್ಕೆ ಅವರ ಹೆಸರು ಎಮ್ಮಿ ಪ್ರಶಸ್ತಿಗೂ ಸೂಚಿತವಾಯಿತು. ಎರಡನೆಯ ವರ್ಷ ಅವರು ಬರದಿದ್ದಾಗ ಜಾನ್ ಆಸ್ಟಿನ್ ಆ ಪಾತ್ರ ಮಾಡಿದರು. ಒಳ್ಳೆಯ ನಟರೇ, ಆದರೂ ಆ ಕಣ್ಣು ಸಿಗಲಿಲ್ಲ.

ಕ್ಯಾಟ್‌ವುಮನ್ ಆಗಿ ಮೂವರು ಬಂದರು. ಮೊದಲೆರಡು ವರ್ಷ ಜೂಲಿ ನ್ಯೂಮಾರ್, ಸಿನಿಮಾದಲ್ಲಿ ಲೀ ಮೆರಿವೆದರ್, ಮೂರನೆಯ ವರ್ಷ ಅರ್ಥಾ ಕಿಟ್. ನ್ಯೂಮಾರ್ ನೃತ್ಯ ಕಲಿತವರು. ಉಡುಪನ್ನು ತಾವೇ ತಿದ್ದಿ ಪಟ್ಟಿಯನ್ನು ಸೊಂಟದಿಂದ ಕೆಳಕ್ಕೆ ಇಳಿಸಿಕೊಂಡರು. ಆ ಸಣ್ಣ ಬದಲಾವಣೆಯಿಂದ ನಡಿಗೆಗೇ ಬೇರೆ ಮಾಟ ಬಂತು. ಬ್ಯಾಟ್‌ಮನ್‌ಗೂ ಅವಳಿಗೂ ನಡುವಿನ ಒಲವು ಕರ್ತವ್ಯಕ್ಕೆ ಸಿಕ್ಕಿ ಒದ್ದಾಡುವುದನ್ನು ವೆಸ್ಟ್ ಮತ್ತು ನ್ಯೂಮಾರ್ ಎಷ್ಟು ಚೆನ್ನಾಗಿ ಆಡಿದ್ದಾರೆಂದರೆ ಅಲ್ಲಿ ಕೆಲವೊಮ್ಮೆ ನಗು ನಿಂತೇ ಹೋಗುತ್ತದೆ. ಅರ್ಥಾ ಕಿಟ್ ಕಪ್ಪು ಜನಾಂಗದ ಗಾಯಕಿ. 1967ರ ಅಮೆರಿಕದಲ್ಲಿ ಅಂಥ ಪಾತ್ರ ಅವರಿಗೆ ಸಿಕ್ಕಿದ್ದೇ ದೊಡ್ಡ ಮಾತು. ಆದರೆ ಅವರು ಬಂದ ಕೂಡಲೇ ಆ ಒಲವಿನ ಎಳೆ ಕಥೆಯಿಂದ ಮಾಯವಾಯಿತು. ಬಿಳಿಯ ನಾಯಕ, ಕಪ್ಪು ನಾಯಕಿ ಎಂಬುದನ್ನು ಟಿವಿ ಆಗ ತೋರಿಸುತ್ತಿರಲಿಲ್ಲ. ಕಿಟ್ ಆ ಕೊರತೆಯನ್ನು ಬೇರೆ ಬಲದಿಂದ ತುಂಬಿದರು. ಅವರ ಕಂಠದಲ್ಲಿ ‘ರ’ಕಾರ ಉರುಳುವುದನ್ನು ಕೇಳಿದರೆ ಸಾಕು. 1968ರ ಜನವರಿಯಲ್ಲಿ, ತಮ್ಮ ಕೊನೆಯ ಕಂತು ಪ್ರಸಾರವಾದ ಎರಡು ವಾರಕ್ಕೆ, ಅವರು ಶ್ವೇತಭವನದ ಭೋಜನಕೂಟದಲ್ಲಿ ಅಧ್ಯಕ್ಷ ಜಾನ್ಸನ್ ಅವರ ಪತ್ನಿಯ ಎದುರೇ ವಿಯೆಟ್ನಾಂ ಯುದ್ಧವನ್ನು ಖಂಡಿಸಿದರು. ಆಮೇಲೆ ಅಮೆರಿಕದಲ್ಲಿ ಅವರಿಗೆ ಕೆಲಸ ಸಿಗುವುದೇ ನಿಂತಿತು. ವರ್ಷಗಟ್ಟಲೆ ಯುರೋಪಿನಲ್ಲಿ ಹಾಡಿ ಬದುಕಿದರು. ಸಿಐಎ ಅವರ ಬಗ್ಗೆ ಕಡತ ಇಟ್ಟಿತ್ತೆಂಬುದು 1975ರಲ್ಲಿ ಬಯಲಾಯಿತು. 1978ರಲ್ಲಿ ಅವರು ಬ್ರಾಡ್‌ವೇ ರಂಗಕ್ಕೆ ಮರಳಿದರು. ಆ ಧೈರ್ಯವನ್ನು ನೆನೆಯದೆ ಅವರ ಕ್ಯಾಟ್‌ವುಮನ್ ಬಗ್ಗೆ ಮಾತಾಡಲು ನನಗೆ ಮನಸ್ಸಾಗುವುದಿಲ್ಲ.

ಕೊನೆಯ ವರ್ಷ ಸೇರಿಕೊಂಡ ಬ್ಯಾಟ್‌ಗರ್ಲ್ ಇವಾನ್ ಕ್ರೇಗ್ ಬ್ಯಾಲೆ ನರ್ತಕಿಯಾಗಿದ್ದವರು. ಹೊಡೆದಾಟದಲ್ಲಿ ಕಾಲು ಬೀಸುವ ಅಂದದಲ್ಲೇ ಅದು ಗೊತ್ತಾಗುತ್ತದೆ. 1970ರ ದಶಕದ ಮೊದಲಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಗಾಗಿ ಅವರು ಮತ್ತೆ ಅದೇ ವೇಷ ಹಾಕಿದರು. ಬ್ಯಾಟ್‌ಮನ್ ಮತ್ತು ರಾಬಿನ್‌ರನ್ನು ಬಾಂಬಿನ ಪಕ್ಕ ಕಟ್ಟಿಹಾಕಿದ್ದಾರೆ, ಬಿಡಿಸಲು ಬಂದ ಬ್ಯಾಟ್‌ಗರ್ಲ್ ತನಗೆ ರಾಬಿನ್‌ಗಿಂತ ಕಡಿಮೆ ಸಂಬಳ ಯಾಕೆ ಎಂದು ಕೇಳುತ್ತಾಳೆ. ಗಂಡಸರಿಗೂ ಹೆಂಗಸರಿಗೂ ಸಮಾನ ವೇತನದ ಕಾನೂನನ್ನು ತಿಳಿಸಲು ಮಾಡಿದ ಚಿಕ್ಕ ಪ್ರಚಾರಚಿತ್ರ ಅದು. ವೆಸ್ಟ್ ಅದರಲ್ಲಿ ಇರಲಿಲ್ಲ, ಬ್ಯಾಟ್‌ಮನ್ ವೇಷ ಡಿಕ್ ಗಾಟಿಯರ್ ಅವರದ್ದು.

ಪರದೆಯ ಹಿಂದಿನ ಕೆಲಸವನ್ನೂ ಮಗನಿಗೆ ತೋರಿಸಬಹುದು, ಇಂಥವು ಮಕ್ಕಳಿಗೆ ಇಷ್ಟ. ಖಳರ ಅಡ್ಡಾ ಬಂದಾಗಲೆಲ್ಲ ಕ್ಯಾಮೆರಾ ಓರೆಯಾಗುತ್ತದೆ, ವಕ್ರ ಬುದ್ಧಿಯವರ ಮನೆ ವಕ್ರವಾಗಿಯೇ ಕಾಣಲಿ ಎಂದು. ಹಗ್ಗ ಹಿಡಿದು ಗೋಡೆ ಹತ್ತುವ ದೃಶ್ಯದಲ್ಲಿ ಗೋಡೆ ನೆಲದ ಮೇಲೆ ಮಲಗಿದೆ, ತಿರುಗಿಸಿಟ್ಟದ್ದು ಕ್ಯಾಮೆರಾವನ್ನು, ಮೇಲುಹೊದಿಕೆಯನ್ನು ತಂತಿ ಕಟ್ಟಿ ಎಳೆದಿದ್ದಾರೆ. ಹತ್ತುವಾಗ ಕಿಟಕಿ ತೆರೆದು ಯಾರೋ ಒಬ್ಬ ಪ್ರಸಿದ್ಧರು ತಲೆ ಹೊರಹಾಕಿ ಮಾತಾಡಿಸುತ್ತಾರೆ, ಹಾಗೆ ಮೊದಲು ತಲೆ ಹಾಕಿದವರು ಜೆರ್ರಿ ಲೂಯಿಸ್. ಬ್ಯಾಟ್‌ಮನ್‌ನ ಕಪ್ಪು ಕಾರು 1955ರಲ್ಲಿ ಇಟಲಿಯಲ್ಲಿ ತಯಾರಾದ ಲಿಂಕನ್ ಫ್ಯೂಚುರಾ ಎಂಬ ಪ್ರದರ್ಶನದ ಕಾರು. ಜಾರ್ಜ್ ಬ್ಯಾರಿಸ್ ಅದನ್ನು ಒಂದು ಡಾಲರಿಗೆ ಕೊಂಡು ಮೂರು ವಾರದಲ್ಲಿ ಬ್ಯಾಟ್‌ಮೊಬೈಲ್ ಮಾಡಿದರು. 2013ರ ಹರಾಜಿನಲ್ಲಿ ಅದಕ್ಕೆ 42 ಲಕ್ಷ ಡಾಲರಿಗೆ ಕೂಗು ನಿಂತಿತು. ಕಾರು ಹೊರಡುವ ಮುನ್ನ ಇಬ್ಬರೂ ಸೀಟ್‌ಬೆಲ್ಟ್ ಕಟ್ಟಿಕೊಳ್ಳುವುದನ್ನು ಗಮನಿಸಿ. ಹೊಸ ಕಾರುಗಳಲ್ಲಿ ಸೀಟ್‌ಬೆಲ್ಟ್ ಇರಲೇಬೇಕೆಂಬ ನಿಯಮ ಅಮೆರಿಕದಲ್ಲಿ ಬಂದದ್ದು 1968ರಲ್ಲಿ. ನೀಲ್ ಹೆಫ್ಟಿ ಅವರ ಶೀರ್ಷಿಕೆ ಸಂಗೀತಕ್ಕೆ ಗ್ರ್ಯಾಮಿ ಬಂತು. ಹನ್ನೆರಡು ಬಾರ್‌ಗಳ ಸರಳ ಬ್ಲೂಸ್, ಸಾಹಿತ್ಯವೆಂದರೆ ಹೆಚ್ಚುಕಡಿಮೆ ಒಂದೇ ಹೆಸರು.

ಎರಡನೆಯ ವರ್ಷದ ಹೊತ್ತಿಗೆ ಒಂದೇ ಅಚ್ಚಿನ ಕಥೆಗಳು ಜನರಿಗೆ ಸಾಕಾದವು. ಮೂರನೆಯ ವರ್ಷ ವಾರಕ್ಕೊಂದೇ ಕಂತು, ಹಣವೂ ಕಡಿತ. ಕಪ್ಪು ಪರದೆಯ ಮುಂದೆ ನಾಲ್ಕು ರಟ್ಟಿನ ಸಾಮಾನಿಟ್ಟು ಸೆಟ್ ಎಂದರು. ಎಬಿಸಿ ಕೈಬಿಟ್ಟ ಮೇಲೆ ಎನ್‌ಬಿಸಿ ಮುಂದುವರಿಸಲು ಆಸಕ್ತಿ ತೋರಿಸಿತು. ಅಷ್ಟರಲ್ಲಿ ಬ್ಯಾಟ್‌ಮನ್‌ನ ಗುಪ್ತ ಗುಹೆಯಾದ ಬ್ಯಾಟ್‌ಕೇವ್‌ನ ಸೆಟ್ಟನ್ನು ಒಡೆದುಹಾಕಿದ್ದರು.

ವೆಸ್ಟ್ ಅವರ ಕಷ್ಟ ಆಮೇಲೆ ಶುರುವಾಯಿತು. ಯಾವ ಪಾತ್ರಕ್ಕೆ ಹೋದರೂ ನಿರ್ಮಾಪಕರಿಗೆ ಮುಸುಕೇ ಕಾಣುತ್ತಿತ್ತು. ಹೊಟ್ಟೆಪಾಡಿಗೆ ಕಾರ್ ಮೇಳಗಳಲ್ಲಿ ವೇಷ ತೊಟ್ಟು ನಿಂತರು. 1989ರಲ್ಲಿ ಬ್ಯಾಟ್‌ಮನ್‌ನ ದೊಡ್ಡ ಸಿನಿಮಾ ಬಂದಾಗ ಅವರಿಗೆ ಕರೆ ಬರಲಿಲ್ಲ. ಆ ನೋವನ್ನು ಅವರು ಬಚ್ಚಿಡಲಿಲ್ಲ. ಅವರನ್ನು ಮತ್ತೆ ಎತ್ತಿ ಹಿಡಿದವರು ಅವರನ್ನು ನೋಡಿ ಬೆಳೆದ ಮಕ್ಕಳೇ. 1992ರಲ್ಲಿ ಹೊಸ ಬ್ಯಾಟ್‌ಮನ್ ಕಾರ್ಟೂನ್ ಸರಣಿಯವರು ಅವರಿಗಾಗಿ ಒಂದು ಕಂತನ್ನು ಮಾಡಿದರು, ಹೆಸರು ‘ಬಿವೇರ್ ದ ಗ್ರೇ ಗೋಸ್ಟ್’. ಅದರಲ್ಲಿ ಸೈಮನ್ ಟ್ರೆಂಟ್ ಎಂಬ ನಟ ಹಿಂದೊಮ್ಮೆ ಟಿವಿಯಲ್ಲಿ ಗ್ರೇ ಗೋಸ್ಟ್ ಎಂಬ ವೀರನಾಗಿದ್ದವನು. ಈಗ ಕೆಲಸವಿಲ್ಲ, ಬಾಡಿಗೆ ಕಟ್ಟಲು ಹಳೆಯ ಉಡುಪು, ಆಟಿಕೆಗಳನ್ನೆಲ್ಲ ಮಾರುತ್ತಾನೆ. ಬ್ಯಾಟ್‌ಮನ್ ಅವನನ್ನು ಹುಡುಕಿಕೊಂಡು ಬರುತ್ತಾನೆ. ಚಿಕ್ಕವನಿದ್ದಾಗ ತಂದೆಯ ಜೊತೆ ಕೂತು ನಿಮ್ಮನ್ನು ನೋಡುತ್ತಿದ್ದೆ, ನೀವೇ ನನ್ನ ವೀರ ಎನ್ನುತ್ತಾನೆ. ಹಾಗಾದರೆ ಎಲ್ಲವೂ ವ್ಯರ್ಥವಾಗಲಿಲ್ಲ ಎನ್ನುತ್ತಾನೆ ಮುದುಕ ನಟ. ಆ ಮುದುಕನ ಕಂಠ ಆಡಮ್ ವೆಸ್ಟ್ ಅವರದ್ದು. ಅಲ್ಲಿ ಒಂದು ಅಕ್ಷರವೂ ಅತಿಯಿಲ್ಲ, ಇಪ್ಪತ್ತು ವರ್ಷದ ಅವಮಾನವೆಲ್ಲ ಆ ದನಿಯಲ್ಲಿ ಕರಗಿಹೋಗುತ್ತದೆ. ವೆಸ್ಟ್ ಅವರಿಗೆ ಅಭಿನಯ ಬರುತ್ತಿರಲಿಲ್ಲ ಎನ್ನುವವರಿಗೆ ನಾನು ಈ ಇಪ್ಪತ್ತೆರಡು ನಿಮಿಷವನ್ನು ತೋರಿಸುತ್ತೇನೆ.

ಆಮೇಲಿನ ದಿನಗಳು ಚೆನ್ನಾಗಿದ್ದವು. 2000ದಿಂದ ‘ಫ್ಯಾಮಿಲಿ ಗೈ’ ಕಾರ್ಟೂನಿನಲ್ಲಿ ಆಡಮ್ ವೆಸ್ಟ್ ಎಂಬ ತಮ್ಮದೇ ಹೆಸರಿನ ಮೇಯರ್‌ಗೆ ದನಿಯಾದರು, ಹೊಸ ತಲೆಮಾರಿಗೆ ಪರಿಚಯವಾದರು. ಐಡಾಹೊ ರಾಜ್ಯದ ಕೆಚಮ್‌ನಲ್ಲಿ ನೆಲೆಸಿದ್ದರು. ಅಲ್ಲಿನ ಟೆಲಿಫೋನ್ ಪುಸ್ತಕದಲ್ಲಿ ಅವರ ಹೆಸರಿನ ಎದುರು ಬ್ರೂಸ್ ವೇನ್ (ಕಥೆಯಲ್ಲಿ ಬ್ಯಾಟ್‌ಮನ್‌ನ ನಿಜನಾಮ) ಹೆಸರು ನೋಡಿ ಎಂದಿರುತ್ತಿತ್ತು, ಅಲ್ಲಿಂದ ಇನ್ನೊಂದು ಕಡೆಗೆ, ಮತ್ತೊಂದು ಕಡೆಗೆ ಓದುಗರನ್ನು ಸುತ್ತಿಸುತ್ತಿತ್ತು. 2012ರಲ್ಲಿ ಹಾಲಿವುಡ್ ವಾಕ್ ಆಫ್ ಫೇಮ್‌ನಲ್ಲಿ ನಕ್ಷತ್ರ ಸಿಕ್ಕಿತು. ಫಾಕ್ಸ್ ಸಂಸ್ಥೆಯದು ಧಾರಾವಾಹಿ, ವಾರ್ನರ್ ಬಳಗದ ಕಾಮಿಕ್ಸ್ ಸಂಸ್ಥೆ ಡಿಸಿಯದು ಪಾತ್ರಗಳು. ಈ ಹಕ್ಕಿನ ಸಿಕ್ಕು ಬಿಡಿಸಿ 2014ರ ನವೆಂಬರಿನಲ್ಲಿ ಪೂರ್ತಿ ಸರಣಿ ಮೊದಲ ಬಾರಿಗೆ ಡಿಸ್ಕ್‌ಗಳಲ್ಲಿ ಬಂತು. ನಿಮ್ಮ ಮನೆಗೆ ಬಂದಿರುವುದು ಬಹುಶಃ ಅದೇ. 2017ರ ಜೂನ್ 9ರಂದು 88ನೆಯ ವಯಸ್ಸಿನಲ್ಲಿ ಅವರು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಆರು ದಿನದ ಮೇಲೆ ಲಾಸ್ ಏಂಜಲೀಸ್ ಸಿಟಿ ಹಾಲ್‌ನ ಗೋಡೆಯ ಮೇಲೆ ಬಾವಲಿಯ ಗುರುತನ್ನು ಬೆಳಗಿಸಿದರು, ಸಾವಿರಾರು ಜನ ಸೇರಿದ್ದರು. ಬರ್ಟ್ ವಾರ್ಡ್ ಪತ್ನಿಯೊಂದಿಗೆ ಗ್ರೇಟ್ ಡೇನ್‌ನಂಥ ದೊಡ್ಡ ಜಾತಿಯ ಅನಾಥ ನಾಯಿಗಳನ್ನು ಸಾಕುವ ಆಶ್ರಯ ನಡೆಸಿದರು. ಅವರಿಗೆ 2020ರಲ್ಲಿ ವಾಕ್ ಆಫ್ ಫೇಮ್‌ನ ನಕ್ಷತ್ರ ಬಂತು.

ಇನ್ನು ಮಗನ ಪ್ರಶ್ನೆ. ‘ಬ್ಯಾಟ್‌ಮನ್ ಎಷ್ಟು ಸೀರಿಯಸ್ಸಾಗಿದ್ದಾನೆ ನೋಡು, ಆದರೆ ಅವನಿಗೆ ಬಂದಿರುವ ಕಷ್ಟ ಎಷ್ಟು ತಮಾಷೆಯಾಗಿದೆ, ಅದಕ್ಕೇ ನಗು ಬಂತು ಕಂದಾ’ ಎಂದು ನಿಜವನ್ನೇ ಹೇಳಿಬಿಡಿ. ಏಳು ವರ್ಷದವನಿಗೆ ಅದು ಅರ್ಥವಾಗುತ್ತದೆ. ಅವನ ಬ್ಯಾಟ್‌ಮನ್‌ನನ್ನು ನೀವು ಹೀಯಾಳಿಸುತ್ತಿಲ್ಲ ಎಂದು ತಿಳಿದರೆ ಅವನಿಗೆ ಸಾಕು.

ಮೊದಲು ರಿಡ್ಲರ್‌ನ ಜೋಡಿ ಕಂತು, ಅಂದರೆ ಸರಣಿಯ ಮೊದಲೆರಡು. ಅದರಲ್ಲಿ ಖಳನ ಜೊತೆಗಾತಿ ಬ್ಯಾಟ್‌ಕೇವ್‌ನಲ್ಲೇ ಬಿದ್ದು ಸಾಯುತ್ತಾಳೆ, ಆ ಜಾಗದಲ್ಲಿ ಪಕ್ಕದಲ್ಲಿರಿ. ಅದರ ಬೆನ್ನಿಗೇ ಪೆಂಗ್ವಿನ್‌ನ ಮೊದಲ ಜೋಡಿ ತೋರಿಸಿ. ಅಲ್ಲಿ ಪೆಂಗ್ವಿನ್‌ಗೆ ಕಳ್ಳತನದ ಉಪಾಯವೇ ಹೊಳೆಯುವುದಿಲ್ಲ. ಒಂದು ಕೊಡೆಯಲ್ಲಿ ಗುಟ್ಟಾಗಿ ಮೈಕು ಇಟ್ಟು ಬ್ಯಾಟ್‌ಮನ್ ಕೈಗೆ ಸಿಗುವಂತೆ ಮಾಡುತ್ತಾನೆ. ಇದರ ಹಿಂದೆ ಏನು ಸಂಚಿರಬಹುದು ಎಂದು ಬ್ಯಾಟ್‌ಮನ್ ಊಹಿಸಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅದನ್ನೇ ಮಾಡುತ್ತಾನೆ. ಸೆಂಪಲ್ ಬರೆದದ್ದರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು. ನಂತರ ಮೊದಲ ವರ್ಷದ ಕ್ಯಾಟ್‌ವುಮನ್ ಜೋಡಿ, ಹುಲಿ ಬರುವುದು ಅದರಲ್ಲೇ. ಎರಡನೆಯ ವರ್ಷದಲ್ಲಿ ಪೆಂಗ್ವಿನ್ ಮೇಯರ್ ಚುನಾವಣೆಗೆ ನಿಲ್ಲುವ ಜೋಡಿಯನ್ನು ಮಗನಿಗಿಂತ ನೀವಿಬ್ಬರು ಹೆಚ್ಚು ಆನಂದಿಸುತ್ತೀರಿ. ಪೆಂಗ್ವಿನ್ ಬ್ಯಾಂಡು ಬಾರಿಸಿ ಕುಣಿಸುತ್ತಾನೆ, ಎದುರಾಳಿ ಬ್ಯಾಟ್‌ಮನ್ ನೀರಸವಾಗಿ ವಿಷಯ ವಿವರಿಸುತ್ತಾನೆ. ಗ್ರೀನ್ ಹಾರ್ನೆಟ್ ಎಂಬ ಇನ್ನೊಬ್ಬ ವೀರ ಬರುವ 1967ರ ಮಾರ್ಚಿನ ಜೋಡಿಯನ್ನೂ ಬಿಡಬೇಡಿ, ಅದರಲ್ಲಿ ಅವನ ಜೊತೆಗಾರ ಕೇಟೊ ಆಗಿ ಬಂದಿರುವವರು ಬ್ರೂಸ್ ಲೀ. ಮೂರನೆಯ ವರ್ಷದಿಂದ ಅರ್ಥಾ ಕಿಟ್ ಇರುವ ಮೂರು ಕಂತು ಸಾಕು. ಬಾಂಬಿನ ಸಿನಿಮಾವನ್ನು ಯಾವುದಾದರೂ ರಜೆಯ ದಿನ ಎಲ್ಲರೂ ಕೂತು ನೋಡಿ.

ಜೋಡಿ ಕಂತುಗಳನ್ನು ಒಂದೇ ದಿನ ಮುಗಿಸಬೇಡಿ. ಇಂದು ಒಂದು, ನಾಳೆ ಇನ್ನೊಂದು. ನಾಳೆಯವರೆಗೆ ಕಾಯಿಸಲೆಂದೇ ಅವುಗಳನ್ನು ಹಾಗೆ ಕತ್ತರಿಸಿದ್ದು. ಬ್ಯಾಟ್‌ಮನ್ ಹೇಗೆ ತಪ್ಪಿಸಿಕೊಳ್ಳುತ್ತಾನೆ ಎಂದು ಮಲಗುವ ಹೊತ್ತಿಗೆ ಮಗನನ್ನೇ ಕೇಳಿ, ಅವನು ಹೇಳುವ ಉಪಾಯ ಎಷ್ಟೋ ಸಲ ಬರಹಗಾರರ ಉಪಾಯಕ್ಕಿಂತ ಚೆನ್ನಾಗಿರುತ್ತದೆ.